ಸೆಲ್ವಕ್ಕನನ್ನು ಗೆಲ್ಲಿಸಿದ ಸಭೆ

ನಿವೃತ್ತನಾದವನಿಗೆ ಊರು ತಾನಾಗಿಯೇ ಎರಡು ಕೆಲಸ ಕೊಡುತ್ತದೆ. ಬೆಳಗ್ಗೆ ವಾಕಿಂಗು, ಉಳಿದ ಹೊತ್ತು ಉಪದೇಶ. ವಾಕಿಂಗಿಗೆ ನನ್ನ ಮೊಣಕಾಲು ಒಪ್ಪುವುದಿಲ್ಲ. ಹಾಗಾಗಿ ಶಿವಮೊಗ್ಗದ ಒಂದು ಕಾಲೇಜಿನವರು, ಪತ್ರಿಕೋದ್ಯಮ ಓದುವ ಮಕ್ಕಳಿಗೆ ಬಾನುಲಿಯ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕರೆದಾಗ, ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟೇಬಿಟ್ಟೆ. ನಾಲ್ಕು ಮಾತು ಅಂದಿದ್ದರು. ನಾನು ಒಂದು ಗಂಟೆ ಮಾತಾಡಿದೆ. ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಾರ್, ಇದಕ್ಕೆಲ್ಲ ದುಡ್ಡು ಯಾರು ಕೊಡ್ತಿದ್ರು? ಕೇಳೋರೇ ಕೊಡಬೇಕಲ್ವಾ?" ಅಂದಳು. "ಬರೆದು ಕಳಿಸ್ತೀನಮ್ಮ" ಎಂದು ತಪ್ಪಿಸಿಕೊಂಡು ಆಟೋ ಹತ್ತಿದೆ. ಈಗ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಸಹಿಸಿಕೊಳ್ಳಿ. ಹೊತ್ತು ತುಂಬಿಸುವುದೇ ನನ್ನ ಉದ್ಯೋಗವಾಗಿತ್ತು.

ಕೇಳುವವರು ದುಡ್ಡು ಕೊಡುವುದು ಹೊಸ ವಿಚಾರವಲ್ಲ ಮಕ್ಕಳೇ. ನಾನು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸು ಬೇಕಿತ್ತು. ಪೋಸ್ಟಾಫೀಸಿಗೆ ಹೋಗಿ ವರ್ಷವರ್ಷ ದುಡ್ಡು ಕಟ್ಟಬೇಕು. ಕಟ್ಟಿದ್ದೀರೋ ಇಲ್ಲವೋ ನೋಡಲು ಒಬ್ಬ ಇನ್ಸ್‌ಪೆಕ್ಟರ್ ಬರುತ್ತಿದ್ದ. ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿದ್ದ ನಮ್ಮ ಬೀದಿಗೆ ಅವನು ಕಾಲಿಟ್ಟ ಅಂದರೆ ಮನೆಮನೆಯ ರೇಡಿಯೋಗಳೂ ಮಾಯ. ಅಕ್ಕಿ ಡಬ್ಬದಲ್ಲೊಂದು, ತೊಟ್ಟಿಲಲ್ಲೊಂದು. ಒಂದು ಸಲ ನಮ್ಮಜ್ಜಿ ಗಾಬರಿಯಲ್ಲಿ ರೇಡಿಯೋ ಆರಿಸುವುದನ್ನೇ ಮರೆತು ಮೇಲೊಂದು ಕಂಬಳಿ ಹೊದಿಸಿಬಿಟ್ಟರು. ಒಳಗಿಂದ ಯಾರೋ ಹೆಂಗಸು ವಚನ ಹಾಡುತ್ತಿದ್ದಾಳೆ. ಇನ್ಸ್‌ಪೆಕ್ಟರ್ ಕಿವಿಗೊಟ್ಟ. "ನಮ್ಮ ಸೊಸೆ ಕಣಪ್ಪ, ದನಿ ಚೆನ್ನಾಗಿದೆ" ಅಂದರು ಅಜ್ಜಿ. ಅವನೂ ತಲೆದೂಗುತ್ತ ಜಗುಲಿಯ ಮೇಲೆ ಕೂತ. ಹಾಡು ಮುಗಿಯಿತು. ನಮ್ಮ ಸೊಸೆ ದಪ್ಪ ಗಂಡುದನಿಯಲ್ಲಿ ವಾರ್ತೆ ಓದಲು ಶುರು ಮಾಡಿದಳು. ಅವತ್ತು ಅಪ್ಪ ಬಾಕಿ ಕಟ್ಟಿ ಬಂದರು, ಅಮ್ಮ ಮೂರು ದಿನ ಅಜ್ಜಿಯ ಹತ್ತಿರ ಮಾತಾಡಲಿಲ್ಲ.

ಆಮೇಲೆ ಸರ್ಕಾರ ಆ ಲೈಸೆನ್ಸನ್ನೇ ತೆಗೆದುಹಾಕಿತು. ನಾನು ಬಾನುಲಿಯ ಕೆಲಸಕ್ಕೆ ಸೇರುವ ಹೊತ್ತಿಗೆ ಕೇಳುಗರು ಪುಕ್ಕಟೆ ಕೇಳುತ್ತಿದ್ದರು, ಪುಕ್ಕಟೆ ಬೈಯುತ್ತಿದ್ದರು. ನನ್ನ ಕೆಲಸ ಚರ್ಚೆಗಳನ್ನು ಮಾಡಿಸುವುದು. ಯಾವ ವಿಷಯಕ್ಕಾದರೂ ಪರ ಒಬ್ಬರು, ವಿರೋಧ ಒಬ್ಬರು, ನಡುವೆ ನಾನು. ಮನೆಯಲ್ಲಿ ಅತ್ತೆ ಸೊಸೆಯ ನಡುವೆ ಕೂತವರಿಗೆ ಈ ಕೆಲಸ ಹೊಸದಾಗಿ ಕಲಿಸಬೇಕಾಗಿಲ್ಲ.

ನನ್ನ ಮೊದಲ ಮೇಲಧಿಕಾರಿ ಭಾರೀ ಜಾಗ್ರತೆಯ ಮನುಷ್ಯ. ಚರ್ಚೆ ಅಂದರೆ ಯಾರಾದರೂ ಏನಾದರೂ ಅಂದುಬಿಟ್ಟರೆ? ಅದಕ್ಕೆ ಪ್ರತಿ ಮಾತನ್ನೂ ಮೊದಲೇ ಬರೆಸಿ, ತಿದ್ದಿ, ಸಹಿ ಹಾಕಿ ಕೊಡುತ್ತಿದ್ದರು. ಅದನ್ನು ನೋಡಿಕೊಂಡು ಓದುವುದೇ ನಮ್ಮ 'ನೇರ ಚರ್ಚೆ'. ಒಮ್ಮೆ ನಿವೃತ್ತ ಹೆಡ್‌ಮಾಸ್ಟರ್ ಒಬ್ಬರು ಬಂದಿದ್ದರು. ಬಲು ಶಿಸ್ತಿನವರು, ಕೊಟ್ಟ ಹಾಳೆಯಲ್ಲಿ ಒಂದಕ್ಷರ ಬಿಡುವವರಲ್ಲ. ಎದುರಾಳಿಯ ಮಾತು ಮುಗಿಯುತ್ತಲೇ ಕನ್ನಡಕ ಸರಿಮಾಡಿಕೊಂಡು, ತಣ್ಣಗಿನ ದನಿಯಲ್ಲಿ ಓದಿದರು: "ಇಲ್ಲಿ ಸಿಟ್ಟಾಗಬೇಕು. ನೀವು ಹೇಳುವುದು ಶುದ್ಧ ಸುಳ್ಳು." ಇಡೀ ಜಿಲ್ಲೆ ಕೇಳಿಸಿಕೊಂಡಿತು. ಮರುದಿನದಿಂದ ನಮ್ಮ ಸಾಹೇಬರು ಬರೆದುಕೊಡುವ ಪದ್ಧತಿ ನಿಲ್ಲಿಸಿದರು. ಹೆಡ್‌ಮಾಸ್ಟರಿಗೆ ಮಾತ್ರ ಕೊನೆವರೆಗೂ ತಾನೇನು ತಪ್ಪು ಮಾಡಿದೆ ಅಂತ ತಿಳಿಯಲಿಲ್ಲ.

ಬರೆದುಕೊಡುವುದು ನಿಂತ ಮೇಲೆ ಬೇರೆ ತಾಪತ್ರಯ. ಉಳುಮೆಗೆ ಟ್ರ್ಯಾಕ್ಟರ್ ಮೇಲೋ ಎತ್ತು ಮೇಲೋ ಅಂತ ಕುಂಸಿಯ ಇಬ್ಬರು ರೈತರನ್ನು ಕೂರಿಸಿದೆ. ಇಬ್ಬರೂ ಜೀವದ ಗೆಳೆಯರು, ಒಂದೇ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಬಂದಿದ್ದರು. ಎತ್ತಿನವರು ಎತ್ತನ್ನು ಎಷ್ಟು ನಂಬಿದ್ದರು ಅಂದರೆ ಮೇಜು ಗುದ್ದಿ ಮೈಕು ಉರುಳಿಸಿದರು. ಟ್ರ್ಯಾಕ್ಟರಿನವರು ಅವರ ಅಪ್ಪನವರೆಗೂ ಹೋದರು. ಹೋಗುವಾಗ ಬೇರೆ ಬೇರೆ ಬಸ್ಸು ಹತ್ತಿದರು. ಅಯ್ಯೋ ಶಿವನೇ, ಒಂದು ಸ್ನೇಹ ಹಾಳು ಮಾಡಿದೆನಲ್ಲ ಎಂದು ವಾರ ಬಿಟ್ಟು ಇಬ್ಬರನ್ನೂ ಮತ್ತೆ ಕರೆಸಿ, ಪಕ್ಷ ಅದಲುಬದಲು ಮಾಡಿ ಕೂರಿಸಿದೆ. ನೋಡಬೇಕಿತ್ತು ಆ ಚೆಂದ! ಎತ್ತಿನವರು ಟ್ರ್ಯಾಕ್ಟರಿನ ಗುಣಗಾನ ಮಾಡಿ ತಾವೇ ನಕ್ಕರು. ತನ್ನ ಮಾತನ್ನು ಪೂರಾ ನಂಬಿದವನು ಕೂಗುತ್ತಾನೆ, ನಂಬದವನು ಯೋಚನೆ ಮಾಡುತ್ತಾನೆ. ಅವತ್ತಿನಿಂದ ಅದೇ ನನ್ನ ಪದ್ಧತಿಯಾಯಿತು. ಯಾರೇ ಬರಲಿ, ಅವರ ಮನಸ್ಸಿಗೆ ಎದುರಾದ ಪಕ್ಷವೇ ಅವರಿಗೆ. ನನ್ನ ಹೆಂಡತಿ ಗಿರಿಜಾ ಇದಕ್ಕೆ 'ಮಹೇಶಪ್ಪನ ಕಿತಾಪತಿ' ಎಂದು ಹೆಸರಿಟ್ಟಳು.

ಇನ್ನೊಂದು ಪದ್ಧತಿಯೂ ನಮ್ಮದೇ. ಊರೂರಿಗೆ ಹೋಗಿ ಜನರ ಮುಂದೆ ಚರ್ಚೆ ಮಾಡಿಸಿ, ಕೊನೆಗೆ ಅವರ ತೀರ್ಮಾನ ಕೇಳುತ್ತಿದ್ದೆವು. ಬೇರೆ ಸಭೆಗಳಲ್ಲಿ ಕೈ ಎತ್ತುತ್ತಾರೆ. ರೇಡಿಯೋದಲ್ಲಿ ಎತ್ತಿದ ಕೈ ಯಾರಿಗೆ ಕಾಣಬೇಕು? ಅದಕ್ಕೆ ನಾವು ಕುರ್ಚಿ ಎಳೆಸುತ್ತಿದ್ದೆವು. ಸಭೆ ನಡುವೆ ಕೂತಿರುತ್ತದೆ, ಬಲಕ್ಕೆ ಪರವಾಗಿ ಮಾತಾಡಿದವರು, ಎಡಕ್ಕೆ ವಿರೋಧ. ಯಾರ ಮಾತು ಒಪ್ಪಿತೋ ಅವರ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡು ಹೋಗಬೇಕು. ಎರಡೂ ಕಡೆ ಒಂದೊಂದು ಮೈಕು. ಕಬ್ಬಿಣದ ಕುರ್ಚಿಗಳು ಸಿಮೆಂಟಿನ ನೆಲದ ಮೇಲೆ ಕರಕರ ಅನ್ನುವ ಸದ್ದು ಕೇಳಿಯೇ, ಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದವರಿಗೂ ಯಾವ ಕಡೆ ಗೆದ್ದಿತು ಅಂತ ಗೊತ್ತಾಗುತ್ತಿತ್ತು. ಈಗ ಮೊಬೈಲಿನಲ್ಲಿ ಒತ್ತಿ ಓಟು ಹಾಕುತ್ತಾರಂತೆ. ಹಾಕಲಿ ಬಿಡಿ, ಸದ್ದಿಲ್ಲದ ಓಟಿನಲ್ಲಿ ನನಗೆ ರುಚಿಯಿಲ್ಲ.

ಈಗ ಸೆಲ್ವಿಯ ವಿಷಯ. ಅವಳು ನಮ್ಮ ಬೆಳಗಿನ ಸ್ಥಳೀಯ ಕಾರ್ಯಕ್ರಮದ ಉದ್ಘೋಷಕಿ. ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಕೆಲಸಗಾರರ ಮನೆಗಳ ಲೈನಿನಲ್ಲಿ ಹುಟ್ಟಿ ಬೆಳೆದವಳು. ಮನೆಯ ಮಾತು ತಮಿಳು, ಮೈಕಿನ ಮುಂದೆ ಕೂತರೆ ಎಂಥ ಕನ್ನಡ ಅಂತೀರಿ! 'ಹ'ಕಾರ 'ಅ'ಕಾರ ತಪ್ಪುವ ನಮ್ಮಂಥವರು ತಲೆ ತಗ್ಗಿಸಬೇಕು. ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆ ಧಾರಣೆ ಓದಿದರೂ ಹಾಡಿನ ಹಾಗೆ ಇರುತ್ತಿತ್ತು. ಯಾವ ಊರಿಗೆ ಬಸ್ಸಿಲ್ಲ, ಯಾವ ಸೇತುವೆ ಮೇಲೆ ನೀರು ಬಂದಿದೆ, ಯಾರ ಎಮ್ಮೆ ಕಳೆದಿದೆ, ಎಲ್ಲ ಅವಳ ಬಾಯಲ್ಲಿ. ಕೇಳುಗರಿಗೆ ಅವಳು ಸೆಲ್ವಕ್ಕ. ಕೆಲಸ ಮಾತ್ರ ಕಾಯಂ ಅಲ್ಲ. ಕಾರ್ಯಕ್ರಮ ಇದ್ದರೆ ಕರೆ, ಇಲ್ಲದಿದ್ದರೆ ಮನೆ. ಗಂಡ ತೀರಿಕೊಂಡ ಮೇಲೆ ಅವಳ ಮನೆ ನಡೆಯುತ್ತಿದ್ದದ್ದು ಆ ಒಂದು ಬೆಳಗಿನ ಗಂಟೆಯಿಂದಲೇ.

ನನ್ನ ನಿವೃತ್ತಿ ಹತ್ತಿರ ಬಂದಾಗ ನಮಗೆ ಮೇಲಧಿಕಾರಿಯಾಗಿ ಹೊಸ ಮೇಡಂ ಬಂದರು. ವಯಸ್ಸಿನಲ್ಲಿ ನನ್ನ ಮಗಳಷ್ಟು, ಮಾತಿನಲ್ಲಿ ನೇರ. ನನ್ನನ್ನೂ ಸೆಲ್ವಿಯನ್ನೂ ಕರೆದು ಕೂರಿಸಿದರು. "ಮಹೇಶಪ್ಪೋರೆ, ಸುತ್ತಿ ಬಳಸಿ ಹೇಳಲ್ಲ. ಬೆಳಗಿನ ಸ್ಥಳೀಯ ಗಂಟೆ ನಡೆಸೋಕೆ ದುಡ್ಡಿಲ್ಲ. ಬರೋ ತಿಂಗಳಿಂದ ಅದನ್ನ ನಿಲ್ಲಿಸಿ ಬೆಂಗಳೂರಿನ ಕಾರ್ಯಕ್ರಮವನ್ನೇ ಇಲ್ಲೂ ಹಾಕೋದು ಅಂತ ಮಾತಾಗಿದೆ. ನನ್ನ ಕೈಲಿರೋದು ಒಂದೇ ದಾರಿ. ಕೇಳುಗರೇ ವರ್ಷಕ್ಕಿಷ್ಟು ಅಂತ ಶುಲ್ಕ ಕೊಟ್ಟು ಸಾರ್ವಜನಿಕ ಬಾನುಲಿನ ಸಾಕಬೇಕಾ ಅಂತ ಒಂದು ಚರ್ಚೆ ಮಾಡಿಸಿ. ಜನ ಹೌದು ಅಂದ್ರೆ ಆ ರೆಕಾರ್ಡಿಂಗ್ ಹಿಡ್ಕೊಂಡು ನಾನೇ ಮೇಲಿನೋರ ಹತ್ರ ಹೋಗಿ ಕೇಳ್ತೀನಿ. ಬೇಡ ಅಂದ್ರೆ ನಾನು ಏನೂ ಮಾಡೋ ಹಾಗಿಲ್ಲ."

"ಕೇಳುಗರಿಗೆ ವಿಷಯ ಹೇಳಿಬಿಡೋಣವಾ ಮೇಡಂ? ಗಂಟೆ ಹೋಗುತ್ತೆ ಅಂತ?" ಅಂದೆ.

"ನಮ್ಮ ಮೈಕಲ್ಲಿ ನಮಗೋಸ್ಕರ ನಾವೇ ಭಿಕ್ಷೆ ಬೇಡೋ ಹಾಗಿಲ್ಲ. ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಗೊತ್ತಿತ್ತು. ಆ ನಿಯಮವನ್ನು ಹೊಸಬರಿಗೆ ಪಾಠ ಮಾಡುತ್ತಿದ್ದವನೇ ನಾನು.

ಶುಲ್ಕದ ಪರ ಮಾತಾಡಲು ನಾನು ಆರಿಸಿದ್ದು ಶಿವಮೊಗ್ಗದ ಅಡಿಕೆ ಮಂಡಿಯ ರೇವಣಸಿದ್ದಪ್ಪ ಸಾಹುಕಾರರನ್ನು. ಶುಲ್ಕ ಅನ್ನುವ ಪದ ಕೇಳಿದರೆ ಅವರಿಗೆ ಮೈಮೇಲೆ ಬರುತ್ತದೆ. "ಗಾಳೀಲಿ ಬರೋ ಮಾತಿಗೆ ದುಡ್ಡೇನ್ರೀ? ನಾಳೆ ಬಿಸಿಲಿಗೂ ಕೇಳ್ತೀರಿ" ಎಂದು ಫೋನಿನಲ್ಲೇ ಗುಡುಗಿದರು. ಸರಿಯಾದ ಮನುಷ್ಯ ಸಿಕ್ಕ ಅಂದುಕೊಂಡೆ. ಅವರ ಎದುರು, ಶುಲ್ಕ ಬೇಡ ಅನ್ನಲು, ಸೆಲ್ವಿ.

ಗಿರಿಜಾ ಕೇಳಿ ಹಣೆ ಚಚ್ಚಿಕೊಂಡಳು. "ಏನ್ರೀ ನೀವು, ಅವಳ ಹೊಟ್ಟೆ ಮೇಲೆ ಹೊಡೆಯೋಕೆ ಅವಳ ಕೈಗೇ ಕೋಲು ಕೊಡ್ತೀರಾ?"

ನನ್ನ ಲೆಕ್ಕ ಬೇರೆ ಇತ್ತು. ಸೆಲ್ವಿ ಶುಲ್ಕ ಬೇಕು ಅಂದರೆ, ಸಂಬಳಕ್ಕೋಸ್ಕರ ಅಂತಾಳೆ ಅನ್ನುತ್ತಾರೆ. ಬೇಡ ಅಂತ ಅವಳು ಮೆಲ್ಲಗೆ ಎರಡು ಮಾತಾಡಲಿ, ಸಾಹುಕಾರರ ಗಂಟಲು ಮಂಡಿಯಲ್ಲಿ ಪಳಗಿದ್ದು, ಸಭೆ ಅವರ ಕಡೆ ಸರಿಯುತ್ತದೆ, ಗಂಟೆ ಉಳಿಯುತ್ತದೆ. ಆದರೂ ಮನಸ್ಸು ತಡೆಯಲಿಲ್ಲ, ಸೆಲ್ವಿಯನ್ನು ಕೇಳಿದೆ. "ಬೇಡ ಅನ್ನಿಸಿದ್ರೆ ಬೇರೆಯೋರನ್ನ ಹಾಕ್ತೀನಮ್ಮ."

"ಎಲ್ಲರಿಗೂ ಇರೋ ನಿಯಮ ನನಗೂ ಇರಲಿ ಸಾರ್. ಮಾತಾಡ್ತೀನಿ" ಅಂದಳು.

ಭದ್ರಾವತಿ ಹಳೇನಗರದ ಒಂದು ಸಮುದಾಯ ಭವನ ತುಂಬಿಹೋಗಿತ್ತು. ಕಾರ್ಖಾನೆಯಿಂದ ನಿವೃತ್ತರಾದವರು, ಅಂಗಡಿಯವರು, ತಮಿಳು ತೆಲುಗು ಮನೆಗಳ ಹೆಂಗಸರು. ಕುಂಸಿಯಿಂದ ಕೇಳುಗರ ಒಂದು ಗುಂಪೇ ಶಿವಮೊಗ್ಗದಲ್ಲಿ ಬಸ್ಸು ಬದಲಿಸಿ ಬಂದಿತ್ತು. ಅವರ ನಾಯಕಿ ಪಾರ್ವತಮ್ಮ, ಹೂ ಕಟ್ಟಿ ಮಾರುವವರು. ಬೆಳಗ್ಗೆ ಸೆಲ್ವಕ್ಕನ ದನಿ ಕೇಳದೆ ಅವರು ಮೊದಲ ಗಂಟು ಹಾಕುವವರಲ್ಲ. ಮುಂದಿನ ಸಾಲಿನಲ್ಲೇ ಬುಟ್ಟಿ ಸಮೇತ ಕೂತರು. ಮೇಡಂ ಒಂದು ಮೂಲೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ನಿಂತರು. ನಾನು ಯಥಾಪ್ರಕಾರ ನಡುವೆ. ನೇರ ಪ್ರಸಾರ ಶುರುವಾಯಿತು.

ಸಾಹುಕಾರರು ಗಂಟಲು ಸರಿಮಾಡಿಕೊಂಡರು. ಮೊದಲ ಮಾತುಗಳು ಬೇವು ಅಗಿದ ಹಾಗೆ ಬಂದವು. ಆಮೇಲೆ ಅವರಿಗೇ ರುಚಿ ಹತ್ತಿತು.

"ನೋಡ್ರಪ್ಪ, ನಾನು ವ್ಯಾಪಾರಸ್ಥ. ಪುಕ್ಸಟ್ಟೆ ಸಿಕ್ಕರೆ ನನಗೂ ಇರ್ಲಿ, ನಮ್ಮಪ್ಪನಿಗೂ ಇರ್ಲಿ ಅನ್ನೋ ಪೈಕಿ. ಆದ್ರೆ ಯೋಚನೆ ಮಾಡಿ. ಪುಕ್ಕಟೆ ಊಟಕ್ಕೆ ಹೋದೋನು ಸಾರಿಗೆ ಉಪ್ಪಿಲ್ಲ ಅಂತ ಬೈತಾನಾ? ಬಾಯಿ ಮುಚ್ಕೊಂಡು ಉಂಡು ಬರ್ತಾನೆ. ಹೋಟ್ಲಲ್ಲಿ ದುಡ್ಡು ಕೊಟ್ಟೋನು ಮಾಣೀನ ಕರೆದು ಬೈತಾನೆ. ಸರ್ಕಾರ ದುಡ್ಡು ಕೊಟ್ಟರೆ ರೇಡಿಯೋ ಸರ್ಕಾರದ ಮುಖ ನೋಡುತ್ತೆ. ಸೋಪಿನ ಕಂಪನಿ ಕೊಟ್ಟರೆ ಸೋಪಿನೋನ ಮುಖ ನೋಡುತ್ತೆ. ನಾವು ಕೊಟ್ಟರೆ ನಮ್ಮ ಮುಖ ನೋಡುತ್ತೆ. ಅಲ್ವೇನ್ರೀ?"

ಕೊನೆಯ 'ಅಲ್ವೇನ್ರೀ' ಸಭೆಗೆ ಕೇಳಿದ್ದಲ್ಲ, ತಮಗೆ ತಾವೇ ಕೇಳಿಕೊಂಡದ್ದು. ಸಭೆಯಲ್ಲಿ ಗುಸುಗುಸು ಎದ್ದಿತು. ಹಿಂದಿನ ಸಾಲಿನ ಒಬ್ಬರು "ಮಾತು ಖರೆ ಮಾರಾಯ" ಅಂದದ್ದು ನನ್ನ ಕಿವಿಗೂ ಬಿತ್ತು. ಮೇಡಂ ಮುಖ ಅರಳಿತು. ನಾನು ನನ್ನ ಜಾಣತನಕ್ಕೆ ಒಳಗೊಳಗೇ ಬೆನ್ನು ತಟ್ಟಿಕೊಂಡೆ.

ಸೆಲ್ವಿ ಮೈಕಿನ ಹತ್ತಿರ ಬಂದಳು.

"ನಮ್ಮಪ್ಪ ಕುಲುಮೆ ಕೆಲಸದವರು. ಮನೇಲಿ ರೇಡಿಯೋ ಇರಲಿಲ್ಲ, ಕನ್ನಡವೂ ಇರಲಿಲ್ಲ. ಪಕ್ಕದ ಲೈನಿನ ಮೇಷ್ಟ್ರ ಮನೇಲಿ ರೇಡಿಯೋ ಇತ್ತು, ಅವರು ಲೈಸೆನ್ಸು ಕಟ್ಟಿದ್ದರು. ಶಾಲೆ ಬಿಟ್ಟ ಮೇಲೆ ನಾನು ಅವರ ಕಿಟಕಿ ಕೆಳಗೆ ಕೂತು ಕೇಳ್ತಿದ್ದೆ. ಈ ಕನ್ನಡ ನಾನು ಕಲಿತಿದ್ದು ಅಲ್ಲಿ. ಮೇಷ್ಟ್ರ ಹೆಂಡತಿಗೆ ಗೊತ್ತಿತ್ತು. ಅವರು ನನ್ನ ಓಡಿಸಲಿಲ್ಲ, ಸೌಂಡು ಜಾಸ್ತಿ ಮಾಡೋರು. ಕಾನೂನಿಗೆ ಬಂದರೆ ನಾನು ಕದ್ದು ಕೇಳಿದವಳು." ಸಾಹುಕಾರರ ಕಡೆ ತಿರುಗಿದಳು. "ಸಾಹುಕಾರ್ರು ಹೇಳಿದ್ದು ಸರಿ. ಯಾರು ದುಡ್ಡು ಕೊಡ್ತಾರೋ ರೇಡಿಯೋ ಅವರ ಮುಖ ನೋಡುತ್ತೆ. ಹಾಗಾದ್ರೆ ಕೊಡೋಕೆ ಆಗದೇ ಇರೋರ ಮುಖ ಯಾರು ನೋಡ್ತಾರೆ? ಇವತ್ತೂ ಯಾವುದೋ ಕಿಟಕಿ ಕೆಳಗೆ ಒಂದು ಮಗು ಕೂತಿದೆ ಅಂತ ಅಂದ್ಕೊಂಡೇ ನಾನು ದಿನಾ ಮಾತಾಡೋದು. ಅದರ ಹತ್ರ ರಸೀತಿ ಕೇಳೋಕೆ ನನ್ನ ಕೈಲಿ ಆಗಲ್ಲ."

ಇಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿದ್ದೆವು, ಆ ಕಿಟಕಿಯ ಸಂಗತಿ ನನಗೂ ಗೊತ್ತಿರಲಿಲ್ಲ. ಎದುರಾಳಿಯ ಮಾತಿಗೆ ಚಪ್ಪಾಳೆ ತಟ್ಟಬಾರದು ಅಂತ ಮೊದಲೇ ಹೇಳಿದ್ದರೂ ಸಾಹುಕಾರರೇ ಮೊದಲು ತಟ್ಟಿದರು. ನನಗೆ ಹೆಮ್ಮೆಯೂ ಆಯಿತು, ಗಂಟೆ ಕೈತಪ್ಪಿತಲ್ಲ ಎಂಬ ಭಯವೂ ಆಯಿತು. ಆದರೂ ನಿಯಮ ನಿಯಮವೇ. "ಶುಲ್ಕ ಇರಬೇಕು ಅನ್ನೋರು ಬಲಕ್ಕೆ, ಬೇಡ ಅನ್ನೋರು ಎಡಕ್ಕೆ. ಯೋಚನೆ ಮಾಡಿ ಕುರ್ಚಿ ಎಳೀರಿ" ಅಂದೆ. 'ಯೋಚನೆ ಮಾಡಿ' ಅನ್ನುವುದನ್ನು ಎರಡು ಸಲ ಹೇಳಿದೆ. ನಡುವೆ ಕೂತವನು ಅದಕ್ಕಿಂತ ಹೆಚ್ಚು ಹೇಳುವ ಹಾಗಿರಲಿಲ್ಲ.

ಮೊದಲು ಎದ್ದವರು ಪಾರ್ವತಮ್ಮ. ಬುಟ್ಟಿ ಕಂಕುಳಿಗೆ, ಕುರ್ಚಿ ಕೈಗೆ. "ನಡೀರೇ, ನಮ್ಮ ಸೆಲ್ವಕ್ಕನ ಕಡೆ!" ಎಂದು ಕುಂಸಿಯವರನ್ನೆಲ್ಲ ಎಬ್ಬಿಸಿದರು. ಅಷ್ಟೇ ಸಾಕಾಯಿತು. ಕಾರ್ಖಾನೆಯ ಹಿರಿಯರು ಎಳೆದರು, ಅಂಗಡಿಯವರು ಎಳೆದರು, "ಮಾತು ಖರೆ" ಅಂದಿದ್ದ ಹಿಂದಿನ ಸಾಲಿನವರೂ ಎಳೆದರು. "ಸೆಲ್ವಕ್ಕನ ಬಿಟ್ಟು ಕೊಡ್ತೀವಾ?" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ಎಳೆದರು. ಆಗ ನನಗೆ ಅರ್ಥವಾಯಿತು. ಯಾರೂ ಶುಲ್ಕದ ಬಗ್ಗೆ ತೀರ್ಮಾನ ಮಾಡುತ್ತಿರಲಿಲ್ಲ. ಸಾಹುಕಾರರಿಗೂ ಸೆಲ್ವಕ್ಕನಿಗೂ ಏನೋ ಪಂದ್ಯ ಇದೆ, ನಮ್ಮ ಹುಡುಗಿ ಸೋಲಬಾರದು ಎಂದು ಅವರು ಬಂದಿದ್ದರು. ಎಡಗಡೆಯ ಮೈಕಿನಲ್ಲಿ ಕರಕರ ಸದ್ದು ನಿಲ್ಲಲೇ ಇಲ್ಲ.

ಬಲಗಡೆ ಬೆರಳೆಣಿಕೆಯ ಜನ ಉಳಿದರು. ಸಾಹುಕಾರರು ಅಲ್ಲೇ ಭದ್ರವಾಗಿ ಕೂತಿದ್ದರು. "ನಿಮ್ಮದು ಮುಗೀತು ಸಾಹುಕಾರ್ರೇ, ಈಗ ನಿಮ್ಮ ಸ್ವಂತ ಮನಸ್ಸಿನ ಕಡೆ ಹೋಗಬಹುದು" ಎಂದು ಮೆಲ್ಲಗೆ ಹೇಳಿದೆ. "ಥೂ ನಿಮ್ಮ! ಇಷ್ಟು ದಿನ ಸರಿಯಾಗೇ ಇದ್ದೆ, ಕರ್ಕೊಂಡು ಬಂದು ತಲೆ ಕೆಡಿಸಿದ್ರಲ್ರೀ" ಎಂದು ಗೊಣಗಿದರು, ಕುರ್ಚಿ ಬಿಟ್ಟು ಏಳಲಿಲ್ಲ. ಆ ಒಂದು ಕುರ್ಚಿಯನ್ನು ಮೇಡಂ ತೆಗೆದುಕೊಂಡು ಹೋಗಿ ಯಾರಿಗೆ ತೋರಿಸಬೇಕು?

ಪದ್ಧತಿಯಂತೆ ತೀರ್ಮಾನ ಹೇಳಬೇಕಾದದ್ದು ಉದ್ಘೋಷಕಿ. ಸೆಲ್ವಿ ಕಾಗದ ಹಿಡಿಯದೆ, ನೆಟ್ಟಗೆ ನಿಂತು, ದಿನಾ ಬೆಳಗ್ಗೆ ಸೇತುವೆಯ ನೀರಿನ ಮಟ್ಟ ಹೇಳುತ್ತಿದ್ದಳಲ್ಲ, ಅದೇ ದನಿಯಲ್ಲಿ ಹೇಳಿದಳು: "ಸಾರ್ವಜನಿಕ ಬಾನುಲಿಗೆ ಕೇಳುಗರಿಂದ ಶುಲ್ಕ ಬೇಡ ಎಂಬುದು ಈ ಸಭೆಯ ತೀರ್ಮಾನ." ಮೇಡಂ ಹೆಡ್‌ಫೋನ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಗೋಡೆ ನೋಡುತ್ತ ನಿಂತರು.

ಪ್ರಸಾರ ಮುಗಿದ ಮೇಲೆ ಸೆಲ್ವಿಯ ಹತ್ತಿರ ಹೋದೆ. ಸಿಟ್ಟೋ ಸಂಕಟವೋ, ಎರಡೂ ಇತ್ತು. "ಒಂಚೂರು ಮೆತ್ತಗೆ ಮಾತಾಡಬಾರದಿತ್ತೇನಮ್ಮ?"

"ಮೆತ್ತಗೇ ಮಾತಾಡಬೇಕು ಅಂತಾನೇ ಬಂದಿದ್ದೆ ಸಾರ್. ಬಾಯಿ ಬಿಟ್ಟ ಮೇಲೆ ಗೊತ್ತಾಯ್ತು, ಅದು ನನ್ನ ಎದುರು ಪಕ್ಷ ಅಲ್ಲ, ನನ್ನದೇ ಪಕ್ಷ." ನಗಲು ನೋಡಿದಳು, ಆಗಲಿಲ್ಲ. "ಮಗಳ ಕಾಲೇಜು ಇನ್ನೂ ಒಂದು ವರ್ಷ ಇದೆ. ಏನೋ ಮಾಡ್ತೀನಿ ಬಿಡಿ."

ಅಷ್ಟರಲ್ಲಿ ಪಾರ್ವತಮ್ಮ ಜನರನ್ನು ಸರಿಸಿಕೊಂಡು ಬಂದೇಬಿಟ್ಟರು. ಮುಖದಲ್ಲಿ ಹಬ್ಬ.

"ಗೆಲ್ಲಿಸಿಬಿಟ್ವಿ ನೋಡೇ ಸೆಲ್ವಕ್ಕ! ಅವನ್ಯಾವನೋ ಸಾಹುಕಾರ ನಿನ್ನ ಎದುರು ಮಾತಾಡೋಕೆ ಬಂದವ್ನೆ. ನಮ್ಮ ಕುಂಸಿಯೋರು ಒಬ್ಬರೂ ಆ ಕಡೆ ತಿರುಗಿ ನೋಡ್ಲಿಲ್ಲ. ಇನ್ನು ಯಾರೂ ನಿನ್ನ ಅಲ್ಲಾಡಿಸೋಕೆ ಆಗಲ್ಲ, ಅಲ್ವಾ?"

ನಾನು ಬಾಯಿ ತೆರೆದೆ. ಸೆಲ್ವಿ ನನ್ನ ಕಡೆ ನೋಡಿ ಬೇಡ ಅನ್ನುವ ಹಾಗೆ ತಲೆ ಆಡಿಸಿದಳು.

"ಹೌದು ಪಾರ್ವತಮ್ಮ" ಅಂದಳು.

"ನಾಳೆ ಬೆಳಗ್ಗೆ ಬರ್ತೀಯಲ್ಲ?"

"ಬರ್ತೀನಿ. ಈ ತಿಂಗಳು ಪೂರ್ತಿ ಬರ್ತೀನಿ."

"ತಿಂಗಳು ಯಾವ ಲೆಕ್ಕ ತಗೋ, ನಾನು ಸಾಯೋವರೆಗೂ ಬಾ!" ಎಂದು ಪಾರ್ವತಮ್ಮ ಬುಟ್ಟಿಯಿಂದ ಒಂದು ಮೊಳ ಮಲ್ಲಿಗೆ ಹರಿದು, ಸೆಲ್ವಿಯ ತಲೆ ಬಗ್ಗಿಸಿ ತಾವೇ ಮುಡಿಸಿ, ಬಸ್ಸು ತಪ್ಪೀತು ಎಂದು ಓಡಿದರು.